ಠರಾವಿನೊಳಗೆ ಬಾರದ ಕಂಬಳಿ

ಅಮಾವಾಸ್ಯೆಯ ದಿನ ನಮ್ಮ ಕಡೆ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಎಲ್ಲರಿಗೂ ಪುರುಸೊತ್ತು ಸಿಗುವುದು ಅವತ್ತೇ. ಅದಕ್ಕೇ ಗುಡ್ಡದ ಟ್ರಸ್ಟಿನ ಸಭೆ ಒಂದು ಅಮಾವಾಸ್ಯೆ ಬಿಟ್ಟು ಇನ್ನೊಂದು ಅಮಾವಾಸ್ಯೆಗೆ, ಮಧ್ಯಾಹ್ನದ ಊಟವಾದ ಮೇಲೆ, ನಮ್ಮ ಮನೆಯ ಪಡಸಾಲೆಯಲ್ಲಿ ಸೇರುತ್ತಿತ್ತು. ಅತ್ತೆ ಬೆಳಿಗ್ಗೆಯೇ ನೆಲ ಸಾರಿಸಿ, ಅದು ಒಣಗಿದ ಮೇಲೆ ನೀಲಿ ಪಟ್ಟೆಯ ಜಮಖಾನೆ ಹಾಸಿಡುತ್ತಿದ್ದರು. ಏಳು ಜನ ವಿಶ್ವಸ್ಥರು. ಅಧ್ಯಕ್ಷರಾದ ಮಾವನವರಿಗೆ ತೋಳಿನ ಕುರ್ಚಿ. ಮಾಸ್ತರರು, ಬಡಗಿಯವರು, ಹಾಲಿನ ಡೇರಿಯವರು ಸೇರಿ ಐವರಿಗೆ ಜಮಖಾನೆ. ಏಳನೆಯವನಾದ ಕುರಿ ಕಾಯುವ ಮುತ್ಯಾ ಮಾತ್ರ ಜಮಖಾನೆಯ ಮೇಲೆ ಎಂದೂ ಕೂರಲಿಲ್ಲ. ಹೆಗಲ ಮೇಲಿನ ಕರಿ ಕಂಬಳಿಯನ್ನು ಬಾಗಿಲ ಬಳಿ ಒಮ್ಮೆ ಝಾಡಿಸಿ, ಕಂಬಕ್ಕೆ ತಾಗಿಸಿ ಹಾಸಿಕೊಂಡು ಅದರ ಮೇಲೆ ಕೂರುತ್ತಿದ್ದ. ಅವನು ಎದ್ದು ಹೋದ ಮೇಲೂ ಆ ಮೂಲೆಯಲ್ಲಿ ಸ್ವಲ್ಪ ಹೊತ್ತು ಉಣ್ಣೆಯ ವಾಸನೆ ಇರುತ್ತಿತ್ತು.

ನಾನು ಮದುವೆಯಾಗಿ ನಿಪ್ಪಾಣಿಯಿಂದ ಈ ಊರಿಗೆ ಬಂದಾಗ, ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಆ ಗುಡ್ಡ ಬೋಳಾಗಿತ್ತು. ಚಿಕ್ಕೋಡಿಯಿಂದ ಕರೋಶಿಯ ಕಡೆ ಹೋಗುವ ದಾರಿಯಲ್ಲಿ ಬಲಕ್ಕೆ ಕಾಣುವ ಗುಡ್ಡ. ಮಾಳಿಗೆಯ ಮೇಲೆ ಸಂಡಿಗೆ ಒಣಹಾಕುವಾಗ ಅದರ ಮೈಯ ಕಲ್ಲುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಕಾಲುವೆಯ ನೀರು ಬಂದು ಸುತ್ತೆಲ್ಲ ಕಬ್ಬು ಹಬ್ಬಿತ್ತು. ಬದುವಿನ ಗಿಡಗಳು ಹೋಗಿದ್ದವು, ಉರುವಲಿಗೆ ಜನ ಗುಡ್ಡವನ್ನೇ ಹತ್ತುತ್ತಿದ್ದರು. ಒಂದು ದಿನ ಇಬ್ಬರು ಹೆಣ್ಣುಮಕ್ಕಳು ಕಡಿಯಲು ಗಿಡ ಸಿಗದೆ ಗುದ್ದಲಿಯಿಂದ ಬೇರು ಅಗೆಯುತ್ತಿದ್ದುದನ್ನು ಮಾವನವರು ಕಂಡರಂತೆ. ಅವತ್ತು ಊಟಕ್ಕೆ ಕೂತವರು ರೊಟ್ಟಿ ಮುರಿದು ಹಾಗೇ ಹಿಡಿದುಕೊಂಡಿದ್ದರು. "ಬೇರ ಒಯ್ದ ಮ್ಯಾಲ ಇನ್ನೇನ ಉಳೀತು," ಎಂದರು. ಅದೇ ವರ್ಷ ಊರವರನ್ನು ಸೇರಿಸಿ, ಪಂಚಾಯಿತಿಯಿಂದ ಗುಡ್ಡದ ಉಸ್ತುವಾರಿ ಪಡೆದು, ಚಿಕ್ಕೋಡಿಗೆ ಹೋಗಿ ಟ್ರಸ್ಟ್ ನೋಂದಾಯಿಸಿ ಬಂದರು.

ಅವರು ಕಬ್ಬಿನ ಹೊಲದವರು, ಮಾತು ನಡೆಯುವ ಮನೆಯವರು. ತಮ್ಮ ಮಾತನ್ನು ಯಾರೂ ಎದುರಾಡದಿರುವುದು ಅವರಿಗೆ ಉಸಿರಾಟದಷ್ಟೇ ಸಹಜವಾಗಿತ್ತು. ಆದರೆ ಆ ಗುಡ್ಡಕ್ಕಾಗಿ ಅವರು ಪಟ್ಟ ಪಾಡು ಸುಳ್ಳಲ್ಲ. ಬೇಸಿಗೆಯಲ್ಲಿ ನಮ್ಮ ಚಕ್ಕಡಿಯಲ್ಲೇ ಪೀಪಾಯಿ ಇಟ್ಟು ನೀರು ಏರಿಸಿದರು. ಬೇವು, ಹುಣಸೆ, ಅತ್ತಿ, ಬನ್ನಿ, ಹೀಗೆ ಸಾಲಾಗಿ ನೆಡಿಸಿ, ಗುಡ್ಡದ ಬುಡದಲ್ಲಿ ಹಳದಿ ಬೋರ್ಡು ಹಾಕಿಸಿದರು. ಬೋರ್ಡಿನ ಮೇಲೆ ಏಳೂ ಜನರ ಹೆಸರು. ಮುತ್ಯಾನದು ಕೊನೆಗೆ.

ನೆಟ್ಟ ಸಾಲುಗಳಲ್ಲಿ ಅರ್ಧ ಒಣಗಿದವು. ಉಳಿದ ಗುಡ್ಡವನ್ನು ಹಸಿರು ಮಾಡಿದ್ದು ಕರಿಜಾಲಿ, ಅದನ್ನು ಬಿತ್ತಿದ್ದು ಮುತ್ಯಾ. ಎಲ್ಲಿಂದಲೋ ಜಾಲಿಕಾಯಿ ಬಡಿದು ತಂದು ಕುರಿಗಳಿಗೆ ತಿನ್ನಿಸಿ, ಗುಡ್ಡದ ಒಂದೊಂದು ಮಗ್ಗುಲಲ್ಲಿ ನಾಲ್ಕಾರು ದಿನ ಹಿಂಡು ತರುಬಿ ನಿಲ್ಲಿಸುತ್ತಿದ್ದ. ಕುರಿಯ ಹೊಟ್ಟೆಯಲ್ಲಿ ಹಾಯ್ದು ಬಂದ ಬೀಜ ಹಿಕ್ಕೆಯೊಳಗೇ ಕೂತು, ಮೊದಲ ಮಳೆಗೆ ಮೊಳೆಯುತ್ತಿತ್ತು. "ಸಾವ್ಕಾರ್ರು ನೆಟ್ಟ ಗಿಡಕ್ಕ ಬೋರ್ಡ ಐತಿ, ನನ್ನ ಕುರಿ ನೆಟ್ಟಿದ್ದಕ್ಕ ಮುಳ್ಳ ಅದಾವ," ಎಂದು ಅವನು ಹೇಳಿದಾಗ ಮಾವನವರೂ ನಕ್ಕಿದ್ದರು.

ಕಾರ್ಯದರ್ಶಿಗಳು ನಿವೃತ್ತ ಮಾಸ್ತರರು. ಊರಿನ ಮೂರು ತಲೆಮಾರಿಗೆ ಅಕ್ಷರ ಕಲಿಸಿದವರು. ಅವರ ಕಣ್ಣಿಗೆ ಪೊರೆ ಬಂದು, ಬರೆದ ಸಾಲುಗಳು ಗೆರೆ ಬಿಟ್ಟು ಜಾರತೊಡಗಿದಾಗ ಮಾವನವರು ಒಳಗಿನ ಕಡೆ ನೋಡಿ ಕರೆದರು.

"ಸೂನಬಾಯಿ, ಪೆನ್ ತಗೊಂಡ ಬಾ."

ನಮ್ಮ ಗಡಿ ಸೀಮೆಯಲ್ಲಿ ಮರಾಠಿಯ ಬಳಕೆ ಹೆಚ್ಚು. ಸೊಸೆಗೆ ಸೂನಬಾಯಿ ಎನ್ನುತ್ತಾರೆ. ನಾನು ಸೆರಗು ತಲೆಗೆ ಎಳೆದುಕೊಂಡು ಹೊಸ್ತಿಲ ಒಳಗೆ, ಮಣೆಯ ಮೇಲೆ ಕೂತೆ. ಹೊಸ್ತಿಲ ಆಚೆ ಸಭೆ, ಈಚೆ ನಾನು ಮತ್ತು ಠರಾವಿನ ಪುಸ್ತಕ. ಬೆಳಗಾವಿಯ ಕಾನ್ವೆಂಟಿನ ವಸತಿಶಾಲೆಯಲ್ಲಿ ಓದಿದವಳೆಂದು ನನ್ನ ಅಕ್ಷರಕ್ಕೆ ಈ ಮನೆಯಲ್ಲಿ ಒಂದು ಹೆಸರಿತ್ತು, ಅಷ್ಟೇ ನನ್ನ ಅರ್ಹತೆ. ಅಲ್ಲಿ ನಮಗೆ ಬರೆವಣಿಗೆ ಕಲಿಸಿದ ಸಿಸ್ಟರು ಒಂದು ಚಿತ್ರ ತೋರಿಸಿ, ಅದರಲ್ಲಿ ಏನೇನಿದೆ ಬರೆಯಿರಿ ಎನ್ನುತ್ತಿದ್ದರು. ಒಮ್ಮೆ ನನ್ನ ಪುಟದಲ್ಲಿ ಮಸಿಯ ಕಲೆಯಿಲ್ಲ, ತಪ್ಪಿಲ್ಲ, ಆದರೂ ಅಂಕ ಕಡಿಮೆ. ಕೇಳಿದಾಗ ಅವರು ಬೆರಳಿಟ್ಟು ತೋರಿಸಿದ್ದು ಮೇಜಿನ ಕೆಳಗೆ ಮಲಗಿದ್ದ ಬೆಕ್ಕನ್ನು. ಅದನ್ನು ನಾನು ನೋಡಿದ್ದೆ. ಮುಖ್ಯವಲ್ಲವೆಂದು ಬಿಟ್ಟಿದ್ದೆ.

ಸಭೆಯಲ್ಲಿ ಬರೆಯುವುದಕ್ಕೆ ಒಂದು ರೂಢಿಯಿತ್ತು. ಮುತ್ಯಾ ಹೊತ್ತು ಮುಳುಗುವ ಮೊದಲು ಹಿಂಡಿಗೆ ಮರಳಬೇಕು. ಡೇರಿಯವರಿಗೆ ಸಂಜೆಯ ಹಾಲಿನ ಹೊತ್ತು. ಹಾಗಾಗಿ ಮಾತು ಮುಗಿದ ಕೂಡಲೇ ಎಲ್ಲರೂ ಖಾಲಿ ಪುಟದ ಕೆಳಭಾಗದಲ್ಲಿ ಸಹಿ ಹಾಕಿ ಎದ್ದುಬಿಡುತ್ತಿದ್ದರು. ಮುತ್ಯಾ ಎಡಗೈಯ ಹೆಬ್ಬೆಟ್ಟು ಒತ್ತಿ, ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡು ಹೋಗುತ್ತಿದ್ದ. ನಾನು ಚೂರು ಕಾಗದದ ಟಿಪ್ಪಣಿ ಇಟ್ಟುಕೊಂಡು, ಸಂಜೆ ಒಲೆಯ ಮೇಲೆ ಅನ್ನ ಬೇಯುವಾಗ ಸಹಿಗಳ ಮೇಲಿನ ಜಾಗದಲ್ಲಿ ಠರಾವು ತುಂಬುತ್ತಿದ್ದೆ. ಮುಂದಿನ ಸಭೆಯಲ್ಲಿ ಹಿಂದಿನದನ್ನು ಓದಬೇಕೆಂದು ನಿಯಮವಿತ್ತು. ಓದುತ್ತಿರಲಿಲ್ಲ. "ಓದಿದಂಗ ಆತು, ಮುಂದ ಹೇಳ್ರಿ," ಎನ್ನುತ್ತಿದ್ದರು ಮಾಸ್ತರರು. ಅದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ಒಬ್ಬರನ್ನೊಬ್ಬರು ನಂಬುವ ಬಗೆ ಅದು ಎಂದೇ ನಾನೂ ತಿಳಿದಿದ್ದೆ.

ತೊಂಬತ್ತರ ದಶಕ ಆಗಷ್ಟೇ ಸುರುವಾಗಿತ್ತು. ಶಿವರಾತ್ರಿ ಅಮಾವಾಸ್ಯೆಯ ಸಭೆ. ಸರಕಾರದ ಕಡೆಯಿಂದ ಮುಳ್ಳುತಂತಿ ಸಿಗುವುದಿತ್ತು, ಗುಡ್ಡವನ್ನು ಪೂರ್ತಿ ಸುತ್ತಿ ಬೇಲಿ ಹಾಕುವುದಾದರೆ ಮಾತ್ರ. ಮಾವನವರ ಮುಖದಲ್ಲಿ ಅವತ್ತು ಬಹಳ ದಿನಗಳ ಮೇಲೆ ಒಂದು ಹಗುರ ಕಂಡಿತ್ತು.

"ಐದ ವರ್ಷ ಬಾಗಿಲಾ ಹಾಕಿಬಿಡೂಣು," ಎಂದರು. "ಗಿಡಾ ಆಳೆತ್ತರ ಆಗಲಿ. ಆಮ್ಯಾಲ ಯಾರ ಬಂದ್ರೂ ಅಂಜಿಕಿಲ್ಲ."

ಮುತ್ಯಾ ಕೇಳಿದ, "ಹೊಂಡದ್ದರೀ?"

ಗುಡ್ಡದ ಪಡುವಣ ಮಗ್ಗುಲಲ್ಲಿ ಒಂದು ಹೊಂಡವಿದೆ. ಎಂಥ ಬೇಸಿಗೆಯಲ್ಲೂ ತಳದಲ್ಲಿ ಅಷ್ಟು ನೀರು ನಿಲ್ಲುತ್ತದೆ. ಮುತ್ಯಾನ ಮಂದಿಯ ಕುರಿಗಳು ಅವನ ಅಜ್ಜನ ಕಾಲದಿಂದ ಕುಡಿಯುತ್ತಿದ್ದುದು ಅದೇ ನೀರು.

"ಹೊಂಡ ಬೇಲಿ ಒಳಗ ಬರತೈತಿ," ಎಂದರು ಮಾವನವರು.

"ಮತ್ತ ಕುರಿ?"

ಬಡಗಿಯವರು ಎಲೆ ಅಡಿಕೆ ಮಡಿಚುತ್ತ ನಕ್ಕರು. "ಕಾಲುವಿ ನೀರ ನಿನ್ನ ಕುರಿಗೆ ಸಪ್ಪ ಹತ್ತತೈತೇನ ಮುತ್ಯಾ? ಸ್ವಲ್ಪ ಉಪ್ಪ ಹಾಕಿ ಕುಡಸು."

ಎಲ್ಲರೂ ನಕ್ಕರು. ಮುತ್ಯಾನೂ ಅರ್ಧ ನಕ್ಕ.

"ಕಾಲುವಿತನಕ ಎರಡೂ ಕಡೆ ಕಬ್ಬ ಐತೆಪಾ," ಎಂದ. "ಹೋಗೂದು ಎರಡ ತಾಸು, ಬರೂದು ಎರಡ ತಾಸು. ನಡುವ ಒಂದ ಕುರಿ ಬಾಯಿ ಹಾಕ್ತು ಅಂದ್ರ ಹೊಲದವ್ರು ಕೋಲ ತಗೊಂಡ ಬರತಾರ. ಕುರಿ ಬಾಯಿಗೆ ಠರಾವ ಗೊತ್ತಾಗೂದಿಲ್ಲ."

"ಐದ ವರ್ಷ ಅಷ್ಟ," ಎಂದರು ಮಾವನವರು. "ಗಿಡಾ ಉಳೀಬೇಕೋ ಬ್ಯಾಡೋ?"

ಆಗ ಮುತ್ಯಾ ಎದ್ದ. ಹೋಗುತ್ತಾನೆ ಎಂದುಕೊಂಡೆ. ಹೋಗಲಿಲ್ಲ. ಕಂಬಳಿಯನ್ನು ಎತ್ತಿ, ಅಂಚಿಗೆ ಅಂಚು ಸೇರಿಸಿ ಮೂರು ಮಡಿಕೆ ಮಡಿಚಿ, ಕಂಬದ ಬುಡಕ್ಕೆ ಇಟ್ಟು, ಮತ್ತೆ ಅಲ್ಲೇ ಬರಿ ನೆಲದ ಮೇಲೆ ಕೂತ. ಅವಸರವಿಲ್ಲ, ಸಿಟ್ಟಿಲ್ಲ. ಮಾವನವರು ಆ ಕಂಬಳಿಯನ್ನು ನೋಡಿದರು. ನೋಡಿದ್ದನ್ನು ನಾನು ನೋಡಿದೆ. ಆಮೇಲೆ ಅವರ ಕಣ್ಣು ತೊಲೆಯ ಕಡೆ ಹೋಯಿತು.

"ಮತ್ತೇನೈತಿ? ಆತಲ್ಲ?" ಎಂದರು.

ಕೈಗಳು ಎದ್ದವು. ಐದು ಕೈ. ಮುತ್ಯಾನ ಕೈಗಳು ಮೊಣಕಾಲಿನ ಮೇಲಿದ್ದವು. ಪುಸ್ತಕ ಕೈಯಿಂದ ಕೈಗೆ ಹೋಯಿತು. ಖಾಲಿ ಪುಟದ ಕೆಳಗೆ ಎಲ್ಲರ ಸಹಿ ಬಿತ್ತು. ಮುತ್ಯಾನೂ ಪ್ರತಿ ಸಲದಂತೆ ಹೆಬ್ಬೆಟ್ಟು ಒತ್ತಿದ. ಸಭೆಗೆ ಬಂದಿದ್ದೆ ಎನ್ನುವುದಕ್ಕೆ ಆ ಗುರುತು ಎಂದೇ ಅವನು ತಿಳಿದಿದ್ದ.

ಮಾಸ್ತರರು ಮೆಟ್ಟಿಲಿಳಿದು ಚಪ್ಪಲಿ ಹುಡುಕುತ್ತಿದ್ದರು. ನಾನೇ ಚಪ್ಪಲಿ ಅವರ ಕಾಲಬುಡಕ್ಕೆ ಸರಿಸಿ ಕೇಳಿದೆ, "ಮಾಸ್ತರ, ಮುತ್ಯಾ ಕಂಬಳಿ ಮಡಚಿ ಕುಂತಿದ್ರಲ್ರಿ, ಅದನ್ನ ಹೆಂಗ ಬರೀಲಿ?"

ಅವರು ತಡಕಾಡಿ ಕಾಲ ಹೆಬ್ಬೆರಳನ್ನು ಚಪ್ಪಲಿಯ ಉಂಗುಟಕ್ಕೆ ತೂರಿಸುತ್ತ ಹೇಳಿದರು, "ಕಂಬಳಿ ಠರಾವಿನಾಗ ಬರೂದಿಲ್ಲ ತಂಗಿ. ಹಿಂದಿನ ಪುಟ ನೋಡು. ಹಂಗ ಬರಿ."

ಅಡಿಗೆಮನೆಯಲ್ಲಿ ಅತ್ತೆ ಜೋಳ ಹಸನು ಮಾಡುತ್ತಿದ್ದರು. ಅವರನ್ನೂ ಕೇಳಿದೆ. ಅವರ ಬೆರಳು ಮೊರದಲ್ಲೇ ನಿಂತಿತು.

"ಮಡಚಿದ್ನೇನು?" ಎಂದರು. "ಕಂಬಳಿ ಮ್ಯಾಲ ಕುಂತ ಆಡಿದ ಮಾತ ಅವ್ರು ತಪ್ಪಂಗಿಲ್ಲ. ಹೂಂ ಅನ್ನಾಕ ಮನಸಿಲ್ಲ, ದೊಡ್ಡವರ ಎದುರು ಒಲ್ಲೆ ಅನ್ನಾಕ ಬಾಯಿಲ್ಲ ಅಂದ್ರ, ಕಂಬಳಿ ಮಡಚಿ ನೆಲಕ್ಕ ಕುಂದರತಾರ. ನಾ ಈ ಮನೀಗೆ ಬಂದ ಮ್ಯಾಲ ಒಮ್ಮೆ ಕಂಡಿನ್ನಿ. ಹೊಲದ ವ್ಯಾಜ್ಯದಾಗ, ನಿಮ್ಮ ಅಜ್ಜ ಮಾವನ ಮುಂದ."

"ಮಾವಾರಿಗೆ ಗೊತ್ತೈತೇನ್ರಿ?"

ಅತ್ತೆ ಒಂದು ಕಲ್ಲು ಆರಿಸಿ ಪಕ್ಕಕ್ಕೆ ಹಾಕಿದರು. "ನಿನ್ನ ಅನ್ನ ಸೀಯಾಕತ್ತೈತಿ ನೋಡು," ಎಂದರು.

ಅನ್ನ ಇಳಿಸಿದೆ. ಆಮೇಲೆ ಪುಸ್ತಕ ಬಿಡಿಸಿ ಹಿಂದಿನ ಪುಟ ನೋಡಿದೆ. ಅದರ ಹಿಂದಿನದನ್ನೂ ನೋಡಿದೆ. ಎಲ್ಲ ಠರಾವಿನ ಕೊನೆಗೂ ಮಾಸ್ತರರು ಹಾಕಿಕೊಟ್ಟ ಒಂದೇ ವಾಕ್ಯ. ನಾನೂ ಅದನ್ನೇ ಬರೆದೆ: "ಸದರಿ ಠರಾವು ಸರ್ವಾನುಮತದಿಂದ ಮಂಜೂರಾಯಿತು." ಮುತ್ಯಾನ ಹೆಬ್ಬೆಟ್ಟು ಆ ವಾಕ್ಯದ ಕೆಳಗೇ ಇತ್ತು. ಗೊತ್ತಿಲ್ಲದೆ ಬರೆದೆ ಎಂದು ಹೇಳಲು ನನಗೆ ದಾರಿಯಿಲ್ಲ. ಗೊತ್ತಾದ ಮೇಲೆ ಬರೆದೆ. ಮನೆಯ ಸೊಸೆ, ಮಾವನವರ ಟ್ರಸ್ಟು, ಹೊರಗಿನ ಮಾತು ನನಗೇಕೆ ಎಂದು ಒಂದು ಕಡೆ. ಇನ್ನೊಂದು ಕಡೆ, ಆ ಪುಟ ಕಲೆಯಿಲ್ಲದೆ ಚೆಂದ ಕಾಣುತ್ತಿತ್ತು ಎನ್ನುವುದೂ ಇತ್ತು. ಹೇಳಲು ನಾಚಿಕೆಯಾಗುತ್ತದೆ.

ಹದಿನೈದು ದಿನದಲ್ಲಿ ತಂತಿ ಬಂತು. ಗುಡ್ಡದ ಬುಡಕ್ಕೆ ಕಬ್ಬಿಣದ ಗೇಟು ಕೂತಿತು. ಅದರ ಕೀಲಿಯನ್ನು ಮಾವನವರು ತಮ್ಮ ಕೋಣೆಯ ಬಾಗಿಲ ಹಿಂದೆ, ಪಂಚಾಂಗದ ಮೊಳೆಗೆ ತೂಗುಹಾಕಿದರು. ಬಾಗಿಲು ಹಾಕಿ ತೆಗೆಯುವಾಗಲೆಲ್ಲ ಅದು ಮರಕ್ಕೆ ತಾಗಿ ಸಣ್ಣಗೆ ಸದ್ದು ಮಾಡುತ್ತಿತ್ತು.

ಯುಗಾದಿ ಕಳೆಯುವ ಹೊತ್ತಿಗೆ, ಗೇಟು ಬಿದ್ದ ಮೇಲೆ ಕುರಿಗಳು ಕುಡಿಯುತ್ತಿದ್ದ ಹಳ್ಳವೂ ಒಣಗಿತು. ಬೆಳಗಿನ ಎಂಟು ಗಂಟೆಗೇ ಮುತ್ಯಾನ ಹಿಂಡು ನಮ್ಮ ಮನೆಯ ಮುಂದಿನಿಂದ ಕಾಲುವೆಯ ಕಡೆ ಹೋಗುತ್ತಿತ್ತು. ಕುರಿಗಳು ಗುಡ್ಡದ ತಿರುವಿನಲ್ಲಿ ತಾವಾಗಿಯೇ ಬಲಕ್ಕೆ ಹೊರಳುತ್ತಿದ್ದವು, ಅವುಗಳನ್ನು ತಿರುಗಿಸಿ ನೇರ ದಾರಿಗೆ ಹಚ್ಚಲು ಅವನಿಗೆ ಬಹಳ ಹೊತ್ತು ಹಿಡಿಯುತ್ತಿತ್ತು. ಮಧ್ಯಾಹ್ನ ವಾಪಸು ಬರುವಾಗ ಎಳೆಯ ಮರಿಗಳು ಕಂಬಳಿಯ ಮಡಿಲಲ್ಲಿರುತ್ತಿದ್ದವು. ಅವನ ತಮ್ಮನ ಹಿಂಡಿನ ಎರಡು ಗಬ್ಬದ ಕುರಿ ದಾರಿಯಲ್ಲೇ ಬಿದ್ದು ಸತ್ತವು ಎಂದು ಹಾಲಿನವಳು ಹೇಳಿದಳು.

ಅದಾದ ಮೇಲೆ ಅವನ ಮಂದಿ ಬೀರದೇವರ ಗುಡಿಯ ಮುಂದೆ ಸೇರಿದರು. ನಮ್ಮ ನೀರಿನ ದಾರಿ ಹೋಗುವಾಗ ಟ್ರಸ್ಟಿನಲ್ಲಿ ಕೂತ ನೀನು ಏನು ಮಾಡಿದೆ ಎಂಬುದು ಅವರ ಪ್ರಶ್ನೆ. ನಾನು ಕಂಬಳಿ ಮಡಿಚಿದ್ದೆ ಎಂದ ಮುತ್ಯಾ. ಹಾಗಿದ್ದರೆ ಪುಸ್ತಕ ಓದಿಸೋಣ ಎಂದರು. ಮಾಸ್ತರರ ಮನೆಗೆ ಪುಸ್ತಕ ಹೋಗಿ, ಮಾಸ್ತರರ ಮಗ ಅದನ್ನು ಓದಿದ. ಸರ್ವಾನುಮತ. ಕೆಳಗೆ ಹೆಬ್ಬೆಟ್ಟು. ಅವನ ತಮ್ಮನೇ, "ಅಲ್ಲೆ ಒಂದ, ಇಲ್ಲೆ ಒಂದ," ಎಂದು ಉಗುಳಿ ಎದ್ದುಹೋದನಂತೆ. ಇಷ್ಟು ವರ್ಷ ಮಂದಿಯ ಜಗಳ ಬಿಡಿಸಿದ ಮನುಷ್ಯನ ಮಾತು, ತನ್ನ ಮಂದಿಯ ನಡುವೆಯೇ, ಒಂದು ಪುಟದ ಎದುರು ಬಿದ್ದುಹೋಯಿತು.

ಅವನು ಭಂಡಾರ ಮುಟ್ಟುತ್ತೇನೆ ಎಂದನಂತೆ. ದೇವರ ಮುಂದಿನ ಅರಿಸಿನ ಪುಡಿಯನ್ನು ಕೈಯಲ್ಲಿ ಹಿಡಿದು ಆಣೆ ಮಾಡುವುದು. ನಮ್ಮ ಕಡೆ ಮರ್ಯಾದಸ್ಥರು ಅದಕ್ಕೆ ಕೈ ಹಾಕುವುದಿಲ್ಲ. ಮಾತು ಸತ್ಯವೇ ಇದ್ದರೂ, ಆಣೆಯವರೆಗೆ ಹೋಯಿತೆಂದರೆ ಮನೆತನಕ್ಕೆ ಒಂದು ಭಾರ ಉಳಿಯುತ್ತದೆ, ಮಕ್ಕಳು ಮೊಮ್ಮಕ್ಕಳಿಗೆ ಏನಾದರೂ ಆದಾಗಲೆಲ್ಲ ಜನ ಅದನ್ನೇ ತೆಗೆಯುತ್ತಾರೆ. ಬರುವ ಅಮಾವಾಸ್ಯೆಯ ಸಂಜೆ ಎಂದು ಗೊತ್ತಾಯಿತು. ಅದೇ ಮಧ್ಯಾಹ್ನ ನಮ್ಮ ಸಭೆಯಿತ್ತು.

ಅದಕ್ಕೆ ಎರಡು ದಿನ ಮೊದಲು ಮುತ್ಯಾ ನಮ್ಮ ಕಟ್ಟೆಯ ಮೇಲೆ ದಣಿವಾರಿಸಿಕೊಳ್ಳಲು ಕೂತ. ಮಾವನವರು ಅಥಣಿಗೆ ಹೋಗಿದ್ದರು. ನಾನು ತಂಬಿಗೆಯಲ್ಲಿ ನೀರು, ಬೆಲ್ಲದ ಚೂರು ತಂದಿಟ್ಟೆ. ಅವನು ಬೆಲ್ಲವನ್ನು ಧೋತರದ ಅಂಚಿಗೆ ಕಟ್ಟಿಕೊಂಡ, ಮೊಮ್ಮಗಳಿಗೆಂದು. ನೀರನ್ನು ಎತ್ತಿ ಕುಡಿದ.

"ಮುತ್ಯಾ," ಎಂದೆ. "ಆ ಪುಸ್ತಕದಾಗ ಬರ್ದದ್ದು ನಾನು."

"ಗೊತ್ತೈತವಾ," ಎಂದ. ತಂಬಿಗೆಯನ್ನು ಬೋರಲು ಹಾಕಿ ಕೊನೆಯ ಹನಿ ತುಳಸಿಗೆ ಚೆಲ್ಲಿದ. "ಅಕ್ಷರ ಭಾಳ ಚಂದ ಅದಾವಂತ. ಮಾಸ್ತರ ಮಗ ಹೇಳಾಕತ್ತಿದ್ದ."

ಅದರಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮರುದಿನ ನಮ್ಮ ಮನೆಯವರಿಗೆ ಹೇಳಿದೆ. "ಅಪ್ಪಾನ ಮುಂದ ನಾ ಏನ ಹೇಳ್ಲಿ, ಹೇಳು," ಎಂದು ಅವರು ಪಂಪಿನ ಮನೆಗೆ ಹೋದರು. ಅಡಿಗೆ ಮುಗಿಸಿ, ಕೈ ತೊಳೆದು, ಪುಸ್ತಕ ಬಿಡಿಸಿದೆ. ಹಳೆಯ ವಾಕ್ಯವನ್ನು ಹೊಡೆದುಹಾಕಬಹುದಿತ್ತು. ಹೊಡೆಯಲಿಲ್ಲ. ನಾನು ಬರೆದದ್ದು ನಾನು ಬರೆದದ್ದಾಗಿಯೇ ಉಳಿಯಲಿ ಎಂದು ಮುಂದಿನ ಹೊಸ ಪುಟದ ತುದಿಯಿಂದ ಬರೆಯತೊಡಗಿದೆ. ಎರಡು ಸಲ ಪೆನ್ನು ನಿಂತಿತು. ಶಾಯಿಯ ಒಂದು ದೊಡ್ಡ ಕಲೆಯೂ ಬಿತ್ತು.

ಚೈತ್ರದ ಅಮಾವಾಸ್ಯೆ. ಬಿಸಿಲಿಗೆ ಪಡಸಾಲೆಯ ಹೆಂಚಿನಿಂದ ಕಾವು ಇಳಿಯುತ್ತಿತ್ತು. ಮುತ್ಯಾ ಬರುತ್ತಾನೋ ಇಲ್ಲವೋ ಎಂದು ಎಲ್ಲರೂ ಬಾಗಿಲು ನೋಡುತ್ತಿದ್ದರು. ಬಂದ. ಕಂಬಳಿ ಹೆಗಲ ಮೇಲೇ ಇತ್ತು. ಹಾಸದೆ, ಕಂಬದ ಬಳಿ ಬರಿ ನೆಲಕ್ಕೆ ಕೂತ.

"ಹಿಂದಿನ ಠರಾವ ಓದಿದಂಗ ಆತು," ಎಂದರು ಮಾಸ್ತರರು. "ಮುಂದ."

"ಓದತೇನ್ರಿ," ಎಂದೆ.

ಹೊಸ್ತಿಲ ಒಳಗಿನಿಂದ ನನ್ನ ದನಿ ಆ ಸಭೆಯಲ್ಲಿ ಅದುವರೆಗೆ ಕೇಳಿರಲಿಲ್ಲ. ಎಲ್ಲರೂ ತಿರುಗಿದರು. ಮಾವನವರು ತಿರುಗಲಿಲ್ಲ.

ನಾನು ಓದಿದೆ. "ಹಿಂದಿನ ಸಭೆಯಲ್ಲಿ ಬೇಲಿಯ ಠರಾವು ಸರ್ವಾನುಮತದಿಂದ ಮಂಜೂರಾಯಿತು ಎಂದು ನಾನು ಬರೆದಿದ್ದೇನೆ. ಅದು ಸರಿಯಲ್ಲ. ಹೊಂಡದ ನೀರಿನ ಮಾತು ಬಂದಾಗ ವಿಶ್ವಸ್ಥರಲ್ಲಿ ಒಬ್ಬರು ತಮ್ಮ ಕಂಬಳಿಯನ್ನು ಮೂರು ಮಡಿಕೆ ಮಡಿಚಿ ಕಂಬದ ಬುಡಕ್ಕೆ ಇಟ್ಟು, ಬರಿ ನೆಲದ ಮೇಲೆ ಕುಳಿತರು. ಸಭೆ ಮುಗಿಯುವವರೆಗೆ ಹಾಗೇ ಕುಳಿತಿದ್ದರು. ಕೈ ಎತ್ತಲಿಲ್ಲ. ಅವರ ಹೆಬ್ಬೆಟ್ಟು ಖಾಲಿ ಪುಟದ ಮೇಲೆ ಬಿದ್ದದ್ದು, ಮೇಲಿನ ಬರಹ ಆಮೇಲೆ ನಾನು ತುಂಬಿದ್ದು. ಕಂಬಳಿ ಮಡಿಚಿದ್ದರ ಅರ್ಥ ತಿಳಿದ ಮೇಲೂ ಹಾಗೆ ಬರೆದದ್ದು ನನ್ನ ತಪ್ಪು."

ಓದಿ ಮುಗಿಸಿದಾಗ ನನ್ನ ಕಣ್ಣು ಮೇಲೇಳಲಿಲ್ಲ. ಕುರ್ಚಿಯ ಕಾಲುಗಳು, ಅವುಗಳ ನಡುವೆ ಮಾವನವರ ಪಾದ ಮಾತ್ರ ಕಾಣುತ್ತಿದ್ದವು. ಬಲಗಾಲಿನ ಹೆಬ್ಬೆರಳು ನೆಲವನ್ನು ಒತ್ತುತ್ತಿತ್ತು.

"ಇದನ್ನ ಬರಿ ಅಂತ ಯಾರ ಹೇಳಿದ್ರು?" ಅವರ ದನಿ ಎತ್ತರಿಸಿರಲಿಲ್ಲ.

"ಯಾರೂ ಹೇಳಿಲ್ರಿ, ಮಾವಾರ. ನಾ ಕಂಡಿದ್ದೆ."

ಹೊರಗೆ ಕಟ್ಟಿದ್ದ ಎಮ್ಮೆ ತಲೆ ಕೊಡವಿದ ಸದ್ದು ಕೇಳಿತು. ಬಡಗಿಯವರ ಕೈಯಲ್ಲಿದ್ದ ಎಲೆ ಅರ್ಧ ಮಡಿಚಿ ಹಾಗೇ ಇತ್ತು. ಮಾಸ್ತರರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸುತ್ತಿದ್ದರು. ಒರೆಸಿದರೂ ಅವರಿಗೆ ಏನೂ ಕಾಣುತ್ತಿರಲಿಲ್ಲ ಎಂದು ನಮಗೆಲ್ಲ ಗೊತ್ತಿತ್ತು.

"ನಾನೂ ಕಂಡಿದ್ದೆ," ಎಂದರು ಮಾವನವರು.

ಬಡಗಿಯವರೇ ಕೆಮ್ಮಿ, "ಎಲ್ಲಾರೂ ಕಂಡಿದ್ವಿ ಬಿಡ್ರಿ," ಎಂದರು. ಅವರು ನಗಲಿಲ್ಲ.

ಮುತ್ಯಾ ಹೇಳಿದ, "ಕಾಗದದ್ದ ಆತ್ರಿ. ನೀರಿಂದು ಹೆಂಗ್ರಿ?"

"ಸೂನಬಾಯಿ," ಎಂದರು ಮಾವನವರು. "ಪಂಚಾಂಗದ ಮೊಳಿಗೆ ಕೀಲಿ ಐತಿ. ತಗೊಂಡ ಬಾ."

ತಂದೆ. ಅವರು ಅದನ್ನು ತಗೊಳ್ಳದೆ, ಕಂಬದ ಕಡೆ ಕೈ ತೋರಿಸಿದರು. ನಾನು ಹೊಸ್ತಿಲು ದಾಟಿ, ಜಮಖಾನೆಯ ಅಂಚಿನಲ್ಲಿ ಹಾಯ್ದು, ಕೀಲಿಯನ್ನು ಮುತ್ಯಾನ ಮುಂದಿಟ್ಟೆ. ಗೇಟಿನಿಂದ ಹೊಂಡದವರೆಗೆ ಒಂದು ದಾರಿ ಬಿಡುವುದು, ದಾರಿಯ ಎರಡೂ ಬದಿಗೆ ಜಾಲಿಯ ಮುಳ್ಳು ಹಚ್ಚುವುದು, ಮುಳ್ಳು ಕಡಿದು ಹಚ್ಚುವ ಕೆಲಸ ಮುತ್ಯಾನ ಮಂದಿಯದು, ಕೀಲಿ ಅವನ ಹತ್ತಿರ. ಮಾತು ಇಷ್ಟೇ, ಬೇಗ ಮುಗಿಯಿತು. ಡೇರಿಯವರು ಅಭ್ಯಾಸದಂತೆ ಸಹಿ ಹಾಕಲು ಪುಸ್ತಕಕ್ಕೆ ಕೈ ಚಾಚಿದರು.

"ತಡೀರಿ," ಎಂದರು ಮಾವನವರು. "ಮೊದಲ ಆಕಿ ಬರೀಲಿ. ಓದಲಿ. ಆಮ್ಯಾಲ ಸಹಿ."

ಅವತ್ತು ಮೊದಲ ಸಲ ಏಳು ಜನ ನಾನು ಬರೆಯುವುದನ್ನು ಕಾಯುತ್ತ ಕೂತರು. ಪೆನ್ನಿನ ಸದ್ದು ಇಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ. ತಲೆ ಬಗ್ಗಿಸಿಯೇ ಇದ್ದೆ. ಎರಡನೆಯ ಸಾಲಿನಲ್ಲಿದ್ದಾಗ ಕಂಬದ ಕಡೆಯಿಂದ ಕಂಬಳಿ ಝಾಡಿಸಿದ ಸದ್ದು ಕೇಳಿತು. ಉಣ್ಣೆಯ ವಾಸನೆ ಹೊಸ್ತಿಲವರೆಗೆ ಬಂತು.

ಸಂಜೆ ಮಾವನವರು ಪುಸ್ತಕವನ್ನು ಟವಲಿನಲ್ಲಿ ಸುತ್ತಿಕೊಂಡು, ಮಾಸ್ತರರ ಕೈ ಹಿಡಿದು ಬೀರದೇವರ ಗುಡಿಯ ಕಡೆ ಹೋದರು. ಅಲ್ಲಿ ಏನಾಯಿತೆಂದು ಮನೆಯಲ್ಲಿ ಹೇಳಲಿಲ್ಲ. ಹಾಲಿನವಳಿಂದ ಕೇಳಿದ್ದು: ಮಂದಿಯ ನಡುವೆ ನಿಂತು ಆ ಪುಟವನ್ನು ಅವರೇ ಓದಿದರಂತೆ, ಕಲೆ ಬಿದ್ದಲ್ಲಿ ತಡವರಿಸಿದರಂತೆ. ಭಂಡಾರದ ಬಟ್ಟಲು ಅಷ್ಟೊತ್ತಿಗೆ ಮುಂದೆ ಬಂದಿತ್ತಂತೆ. ಮುತ್ಯಾ ಅದನ್ನು ಕೈಯಲ್ಲಿ ಹಿಡಿಯುವ ಪ್ರಸಂಗ ಬರಲಿಲ್ಲ. ಪೂಜಾರಿ ಎಲ್ಲರ ಹಣೆಗೂ ಹಚ್ಚಿದನಂತೆ. ಮಾವನವರು ಮನೆಗೆ ಬಂದಾಗ ಹಣೆಯ ಮೇಲೆ ಅರಿಸಿನವಿತ್ತು. ಅತ್ತೆ ಅದನ್ನು ನೋಡಿ, ಏನೂ ಕೇಳದೆ, ಕಾಲು ತೊಳೆಯಲು ನೀರು ಕೊಟ್ಟರು.

ಎಲ್ಲ ಸರಿಹೋಯಿತು ಎಂದರೆ ತಪ್ಪಾದೀತು. ಮಾವನವರು ತಿಂಗಳೊಪ್ಪತ್ತು ನನ್ನೊಡನೆ ನೇರ ಮಾತಾಡಲಿಲ್ಲ. ಚಹಾದ ಲೋಟವನ್ನು ತೆಗೆದುಕೊಳ್ಳುವಾಗ ಗೋಡೆ ನೋಡುತ್ತಿದ್ದರು. ಸತ್ತ ಕುರಿಗಳು ಸತ್ತವು, ಮುತ್ಯಾನ ತಮ್ಮ ಅಣ್ಣನ ಮನೆಗೆ ಬರುವುದನ್ನು ಮತ್ತೆ ಸುರು ಮಾಡಲು ಒಂದು ವರ್ಷ ಹಿಡಿಯಿತು. ದಾರಿಯ ಬದಿಗೆ ಮಾವನವರು ತಾವೇ ನೆಟ್ಟಿದ್ದ ನೆಲ್ಲಿಯ ಸಾಲನ್ನು ಆ ಮಳೆಗಾಲದಲ್ಲಿ ಕುರಿಗಳು ಮುಳ್ಳಿನ ಸಂದಿಯಿಂದ ಕುತ್ತಿಗೆ ಚಾಚಿ ತಿಂದುಹಾಕಿದವು. ಅವರು ಅದನ್ನು ನೋಡಿ ಬಂದ ದಿನ ಊಟದಲ್ಲಿ ಎರಡನೆಯ ರೊಟ್ಟಿ ಬೇಡವೆಂದರು. ಸಭೆಯಲ್ಲಿ ಆ ಮಾತು ಎತ್ತಲಿಲ್ಲ. ಮುಂದಿನ ಸಭೆಗೆ ಮುತ್ಯಾ ಹನ್ನೆರಡು ನೆಲ್ಲಿ ಸಸಿಗಳನ್ನು ರಾಯಬಾಗದ ಸಂತೆಯಿಂದ ಬುಟ್ಟಿಯಲ್ಲಿ ತಂದು ಕಟ್ಟೆಯ ಮೇಲಿಟ್ಟು ಹೋದ. ಅವನೂ ಆ ಮಾತು ಎತ್ತಲಿಲ್ಲ.

ಟ್ರಸ್ಟಿನಲ್ಲಿ ಅವರಿಬ್ಬರೂ ಇನ್ನೂ ಏಳೆಂಟು ವರ್ಷ ಜೊತೆಯಲ್ಲಿ ಕೂತರು. ಕಡೆಕಡೆಗೆ ಮುತ್ಯಾನ ಕಿವಿ ಬಹಳ ಮಂದವಾಗಿತ್ತು. ಆದರೂ ಸಭೆ ಮುಗಿದಾಗ ಶಾಯಿಯ ಪ್ಯಾಡು ಅವನ ಮುಂದೆ ಹೋದರೆ, ಹೆಬ್ಬೆಟ್ಟು ಅದಕ್ಕೆ ಒತ್ತಿ, ಪುಟಕ್ಕೆ ತಾಗಿಸದೆ ಗಾಳಿಯಲ್ಲಿ ಎತ್ತಿ ಹಿಡಿದು ನನ್ನ ಕಡೆ ನೋಡುತ್ತಿದ್ದ.

"ಓದವಾ," ಎನ್ನುತ್ತಿದ್ದ.

ನಾನು ಮೊದಲ ಸಾಲಿನಿಂದ ಓದುತ್ತಿದ್ದೆ. ಅವನಿಗೆ ಕೇಳಲೆಂದು ದೊಡ್ಡ ದನಿಯಲ್ಲಿ, ಒಂದು ಮಾತೂ ಬಿಡದೆ. ಮಾವನವರು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ನಾನು ಕೊನೆಯ ಸಾಲು ಮುಟ್ಟುವ ಹೊತ್ತಿಗೆ ಮುತ್ಯಾನ ಬೆರಳಿನ ಶಾಯಿ ಒಣಗಿರುತ್ತಿತ್ತು. ಆಗ ಅವನು ಅದನ್ನು ಇನ್ನೊಮ್ಮೆ ಪ್ಯಾಡಿಗೆ ಒತ್ತಿ, ಪುಟದ ಮೇಲೆ ಇಡುತ್ತಿದ್ದ.